ಹತ್ತನೇ ಕ್ಲಾಸಿನವರಿಗೆ ಆಟ ಬೇಡ ಅನ್ನೋರಿಗೆ

ಅಕ್ಕನ ಮಗಳು ಈ ವರ್ಷ ಹತ್ತನೇ ಕ್ಲಾಸು. ಹೋದ ವರ್ಷ ಶಾಲೆಯ ಕೊಕ್ಕೊ ಟೀಮಿನಲ್ಲಿ ಜಿಲ್ಲಾ ಮಟ್ಟದವರೆಗೂ ಆಡಿ ಬಂದವಳು. ಈ ಸಲ ಶಾಲೆ ಬಾಗಿಲು ತೆಗೆದ ವಾರದಲ್ಲೇ ಪ್ರಾರ್ಥನೆ ಮುಗಿದ ಮೇಲೆ ಹೇಳಿಬಿಟ್ಟರಂತೆ, ಎಸ್ಸೆಸ್ಸೆಲ್ಸಿಯವರು ಯಾರೂ ಗ್ರೌಂಡಿನ ಕಡೆ ತಲೆ ಹಾಕೋ ಹಾಗಿಲ್ಲ, ಟೀಮಿಗೆ ಎಂಟು ಒಂಬತ್ತರವರು ಸಾಕು ಅಂತ. ಹುಡುಗಿ ಮುಖ ಊದಿಸಿಕೊಂಡು ಓಡಾಡ್ತಿದಾಳೆ. ಅಕ್ಕ ಭಾವನಿಗೆ ಅಂಥ ಬೇಜಾರೇನೂ ಆದ ಹಾಗಿಲ್ಲ. "ಒಂದು ವರ್ಷ ತಾನೇ, ಪಿಯುಸಿಗೆ ಹೋದ ಮೇಲೆ ಆಡ್ಕೊಳ್ಳಲಿ ಬಿಡೇ" ಅಂದಳು ಅಕ್ಕ.

ಪಿಯುಸಿಗೆ ಹೋದ ಮೇಲೆ ಹೆಣ್ಣುಮಕ್ಕಳು ಆಡೋದಿಲ್ಲ ಅಕ್ಕಾ. ಅದು ನಿನಗೂ ಗೊತ್ತು. ಆವತ್ತು ಫೋನಿನಲ್ಲಿ ಹೇಳೋಕಾಗದೆ ಹೋದದ್ದನ್ನ ಇಲ್ಲಿ ಬರೀತಿದೀನಿ.

ನಮ್ಮದು 1999ರ ಎಸ್ಸೆಸ್ಸೆಲ್ಸಿ ಬ್ಯಾಚು. ತಿಪಟೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲು. ಕಾಂಪೌಂಡ್ ಇರಲಿಲ್ಲ, ಗ್ರೌಂಡಿನ ಒಂದು ಬದಿಗೆ ತೆಂಗಿನ ತೋಟ, ಇನ್ನೊಂದು ಬದಿಗೆ ರಸ್ತೆ. ಮ್ಯಾಚ್ ನಡೀತಿದ್ದರೆ ಬಸ್ಸಿನವರು ಸ್ಲೋ ಮಾಡಿ ನೋಡಿಕೊಂಡು ಹೋಗೋರು. ಕೊಕ್ಕೊ ಕಂಬ ಎರಡನ್ನೂ ಊರಿನ ಬಡಗಿಯೇ ಮಾಡಿಕೊಟ್ಟಿದ್ದು. ಹಿಡಿದು ಗಿರಕ್ಕನೆ ತಿರುಗುವಾಗ ಅಂಗೈಗೆ ಸಿಬಿರು ಚುಚ್ಚಬಾರದು ಅಂತ ಪಿ.ಟಿ. ಸರ್ ಉಪ್ಪುಕಾಗದ ತಂದು ನಮ್ಮ ಕೈಲೇ ಉಜ್ಜಿಸ್ತಿದ್ದರು. ಕೋರ್ಟ್ ಅಳೆಯೋಕೆ ಟೇಪ್ ಇರಲಿಲ್ಲ, ಅಲ್ಲಲ್ಲಿ ಗಂಟು ಹಾಕಿದ ಒಂದು ನಾರಿನ ಹಗ್ಗ ಇತ್ತು. ಗಂಟಿಂದ ಗಂಟಿಗೆ ಹಿಡಿದು ನಿಂತರೆ ಒಬ್ಬಳು ಹಿಂದಿಂದ ಸುಣ್ಣದ ಪುಡಿ ಉದುರಿಸಿಕೊಂಡು ಬರೋಳು. ಆ ಗೆರೆ ಸೊಟ್ಟ ಆದರೆ ಸರ್ ಕಾಲಿನಲ್ಲಿ ಅಳಿಸಿ ಇನ್ನೊಂದು ಸಲ ಎಳೆಸೋರು. ಗಣಿತದ ಮೇಷ್ಟ್ರು ಕೂಡ ನಮ್ಮ ಕೈಲಿ ಅಷ್ಟು ನೇರವಾದ ಗೆರೆ ಎಳೆಸಿದ್ದಿಲ್ಲ.

ಟೀಮಿನ ಡ್ರೆಸ್ಸಿನದೇ ಒಂದು ದೊಡ್ಡ ರಾಮಾಯಣ. ಹೆಣ್ಣುಮಕ್ಕಳು ನಿಕ್ಕರ್ ಹಾಕಿಕೊಂಡು ತಾಲ್ಲೂಕಿನಲ್ಲಿ ಓಡೋದಾ ಅಂತ ಮನೆಗಳಲ್ಲಿ ಪಂಚಾಯ್ತಿ ನಡೆದು, ಕೊನೆಗೆ ಊರಿನ ಟೈಲರ್ ಎಲ್ಲರಿಗೂ ಒಂದೇ ಅಳತೆಯ ನೀಲಿ ಪ್ಯಾಂಟು ಹೊಲಿದು ಕೊಟ್ಟರು. ದಪ್ಪಗಿದ್ದವಳಿಗೆ ಬಿಗಿ, ಸಣ್ಣಗಿದ್ದವಳಿಗೆ ಪಿನ್ನು.

ಕೊಕ್ಕೊ ಆಡದವರಿಗೆ ಒಂದು ಮಾತು ಹೇಳಬೇಕು. ಸಾಲಾಗಿ ಕೂತಿರೋ ಎಂಟು ಜನ ಒಬ್ಬೊಬ್ಬರು ಒಂದೊಂದು ಕಡೆಗೆ ಮುಖ ಮಾಡಿರ್ತಾರೆ, ಒಂಬತ್ತನೆಯವಳು ಎದುರು ಟೀಮಿನ ರನ್ನರ್‌ನ ಅಟ್ಟಿಸಿಕೊಂಡು ಓಡ್ತಿರ್ತಾಳೆ. ಕೂತವಳಿಗೆ ಬೆನ್ನ ಹಿಂದೆ ಏನು ನಡೀತಿದೆ ಅಂತ ಸರಿಯಾಗಿ ಕಾಣೋದಿಲ್ಲ. ಆ ಒಂಬತ್ತನೆಯವಳ ಕೈ ಬೆನ್ನಿಗೆ ತಾಗಬೇಕು, ಕಿವಿಗೆ 'ಕೋ' ಬೀಳಬೇಕು, ಆಮೇಲೆ ಎದ್ದು ಅವಳ ಬದಲು ಅಟ್ಟಬೇಕು. ಅರ್ಧ ಕ್ಷಣ ಮೊದಲೆದ್ದರೆ ಫೌಲ್, ಅರ್ಧ ಕ್ಷಣ ತಡ ಆದರೆ ರನ್ನರ್ ಆ ಕಡೆ ದಾಟಿರ್ತಾಳೆ. ಯಾವ ಕಡೆ ಹೊರಟೆಯೋ ಆ ಕಡೆಯೇ ಓಡಬೇಕು, ಕಂಬ ಮುಟ್ಟೋವರೆಗೂ ತಿರುಗೋ ಹಾಗಿಲ್ಲ. ಒಂಬತ್ತು ಜನರ ಲೆಕ್ಕ ಹೀಗೆ ಕೂಡಿಬರೋದು ಒಂದು ವರ್ಷದ ಕೆಲಸ ಅಲ್ಲ. ಎಂಟರಲ್ಲಿ ನೀರಿನ ಕ್ಯಾನ್ ಹೊತ್ತು ಹಿಂದೆ ಹೋಗಿದ್ದವಳು, ಒಂಬತ್ತರಲ್ಲಿ ಎಕ್ಸ್‌ಟ್ರಾ ಆಟಗಾರ್ತಿ ಅಂತ ಬೆಂಚಲ್ಲಿ ಕೂತವಳು, ಹತ್ತಕ್ಕೆ ಬಂದಾಗ ತಾನೇ ಟೀಮು ಆಗ್ತಾಳೆ. ಹೈಸ್ಕೂಲಿನವರು ಆಡೋದು 17 ವರ್ಷದೊಳಗಿನ ವಿಭಾಗದಲ್ಲಿ. ಅಲ್ಲಿಗೆ ಹತ್ತನೆಯವರನ್ನ ಬಿಟ್ಟು ಎಂಟನೇ ಕ್ಲಾಸಿನ ಮಕ್ಕಳನ್ನ ಕಳಿಸಿದರೆ ಫಲ ಬಿಡೋ ಹೊತ್ತಿಗೆ ಗಿಡ ಕಿತ್ತ ಹಾಗೆ. ಕಲಿಸೋ ಅಕ್ಕಂದಿರೇ ಗ್ರೌಂಡಿನಲ್ಲಿ ಇಲ್ಲ ಅಂದಮೇಲೆ ಆ ಚಿಕ್ಕವರಾದರೂ ಯಾರನ್ನ ನೋಡಿ ಕಲೀತಾರೆ?

ನಾವು ಹತ್ತರಲ್ಲಿದ್ದಾಗ ಹೋಬಳಿ ಗೆದ್ದು, ತಾಲ್ಲೂಕು ಗೆದ್ದು, ಜಿಲ್ಲೆಗೆ ಅಂತ ತುಮಕೂರಿಗೆ ಹೋದೆವು. ಬುತ್ತಿಗೆ ಚಿತ್ರಾನ್ನ, ಮಧ್ಯೆ ಮಧ್ಯೆ ನಿಂಬೆಹಣ್ಣು, ಗ್ಲೂಕೋಸ್ ಪುಡಿ. ಗ್ಲೂಕೋಸನ್ನ ನೀರಿಗೆ ಹಾಕದೆ ಅಂಗೈಲಿ ಸುರಿದುಕೊಂಡು ನೆಕ್ಕಿದ್ದೇ ಹೆಚ್ಚು. ಸೆಮಿಫೈನಲ್‌ನಲ್ಲಿ ಕೊನೆಯ ಚೇಸಿಂಗ್ ನಮ್ಮದು, ಸಮ ಮಾಡೋಕೆ ಒಂದು ಪಾಯಿಂಟು ಬೇಕು. ನಮ್ಮ ಕ್ಯಾಪ್ಟನ್ ಕಂಬ ಹಿಡಿದು ನೆಲದುದ್ದಕ್ಕೂ ಡೈವ್ ಹೊಡೆದಳು. ಬೆರಳ ತುದಿ ಆ ಹುಡುಗಿಯ ಜಡೆಯ ರಿಬ್ಬನ್ನಿಗೆ ತಾಗಿತು ಅಂತ ಇವತ್ತಿಗೂ ಆಣೆ ಇಡ್ತಾಳೆ. ಅಂಪೈರ್ ಕೊಡಲಿಲ್ಲ. ವಿಷಲ್ ಆಯ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ತರಚಿ ಹೋದ ಕೈಯನ್ನ ಎತ್ತಿಕೊಂಡು ಅಂಪೈರ್ ಹಿಂದೆ ಹಿಂದೆ ಹೋಗಿ ಜಗಳ ಆಡ್ತಿದ್ದವಳನ್ನ ಸರ್ ಎಳಕೊಂಡು ಬಂದರು. ರಿಬ್ಬನ್ ತಾಗಿದರೆ ಔಟಾ ಅನ್ನೋದು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂ ಇತ್ಯರ್ಥ ಆಗದ ಕೇಸು.

ಮಾರ್ಚ್‌ನಲ್ಲಿ ಪರೀಕ್ಷೆ ಬರೆದೆವು. ಅದಕ್ಕೂ ಮೊದಲು ಸೆಂಡಾಫ್, ಗ್ರೂಪ್ ಫೋಟೋ, ಆಟೋಗ್ರಾಫ್ ಬುಕ್ಕು. ಎಲ್ಲರ ಬುಕ್ಕಿನಲ್ಲೂ ಅದೇ ಗುಲಾಬಿ ಚಿತ್ರ, 'ಮರೆಯದಿರು ಗೆಳತಿ'. ನಮ್ಮ ಕ್ಯಾಪ್ಟನ್ ಮಾತ್ರ ಟೀಮಿನವರ ಬುಕ್ಕಿನಲ್ಲೆಲ್ಲ "ಎಲ್ಲೇ ಇರು, ಕೋ ಕೊಡು" ಅಂತ ಬರೆದು ಕೆಳಗೆ ಚೆಸ್ಟ್ ನಂಬರ್ ಹಾಕಿದಳು. ಪಿಯುಸಿಗೆ ಸೇರಿದವರು ಕೆಲವರು, ಫೇಲಾಗಿ ಮನೆಯಲ್ಲೇ ಉಳಿದವರು ಕೆಲವರು. ನಾನೂ ಕಾಲೇಜಿಗೆ ಸೇರಿದೆ, ಆದರೆ ಅಲ್ಲಿ ಹುಡುಗಿಯರ ಟೀಮು ಅಂತ ಒಂದಿದೆ ಅನ್ನೋದೇ ಗೊತ್ತಾಗಲಿಲ್ಲ. ಬಸ್ಸಿಗೆ ಓಡಬೇಕು, ಕತ್ತಲಾಗೋದರೊಳಗೆ ಮನೆ ಸೇರಬೇಕು. ಕ್ಯಾಪ್ಟನ್‌ಗೆ ಎರಡು ವರ್ಷದಲ್ಲೇ ಮದುವೆ ಆಯ್ತು.

ನಮ್ಮ ಕ್ಲಾಸಿನ ಹುಡುಗರ ಕಥೆ ಬೇರೆ. ಅವರು ಕಬಡ್ಡಿ ಬಿಟ್ಟರೂ ಜಾತ್ರೆ ಸಮಯದ ಕ್ರಿಕೆಟ್ ಟೂರ್ನಮೆಂಟು, ಗಣಪತಿ ಹಬ್ಬದ ವಾಲಿಬಾಲು ಅಂತ ಮೂವತ್ತೈದರವರೆಗೂ ಆಡಿದರು. ಕೆಲವರು ಹೊಟ್ಟೆ ಬಂದ ಮೇಲೂ ಬಿಟ್ಟಿಲ್ಲ. ಹುಡುಗಿಯರಿಗೆ ಹಳ್ಳಿಯಲ್ಲಿ ಅಂಥ ಜಾಗ ಯಾವುದಿದೆ ಹೇಳಿ. ರಾಜ್ಯೋತ್ಸವದ ರಂಗೋಲಿ ಸ್ಪರ್ಧೆ, ಮ್ಯೂಸಿಕಲ್ ಚೇರು. ಮೈ ಬೆವರೋ ಹಾಗೆ, ಗಂಟಲು ಹರಿಯೋ ಹಾಗೆ ಕೂಗಿ ಆಡೋಕೆ ನಮಗೆ ಸಿಕ್ಕಿದ್ದು ಹೈಸ್ಕೂಲಿನ ಮೂರು ವರ್ಷ. ಈಗ ಅದರಲ್ಲೂ ಒಂದನ್ನ ಕತ್ತರಿಸಿ ರಿಸಲ್ಟಿಗೆ ಹಾಕ್ತೀವಿ ಅಂತಾರೆ.

ರಿಸಲ್ಟಿನ ಒತ್ತಡ ನನಗೆ ಅರ್ಥ ಆಗೋದಿಲ್ಲ ಅಂತಲ್ಲ. ಫಲಿತಾಂಶ ಬಂದ ದಿನ ಜಿಲ್ಲೆಗಳನ್ನ ಮೇಲಿಂದ ಕೆಳಕ್ಕೆ ಪಟ್ಟಿ ಮಾಡಿ ಟಿವಿಯಲ್ಲಿ ತೋರಿಸ್ತಾರೆ. ಕೆಳಗಿನ ಜಿಲ್ಲೆಯವರಿಗೆ ನೋಟಿಸು, ಮೀಟಿಂಗು, ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜು. ಹೆಡ್‌ಮಾಸ್ಟರ ಕುತ್ತಿಗೆಗೆ ಬರೋದು ಆ ಪರ್ಸೆಂಟೇಜೇ ಹೊರತು ಕೊಕ್ಕೊ ಶೀಲ್ಡ್ ಅಲ್ಲ. ದೈಹಿಕ ಶಿಕ್ಷಣಕ್ಕೆ ಗ್ರೇಡು ಕೊಡ್ತಾರೆ, ಒಟ್ಟು ಅಂಕಕ್ಕೆ ಅದು ಸೇರೋದಿಲ್ಲ. ಸೇರದೆ ಇರೋದನ್ನ ಯಾರು ಕೇಳ್ತಾರೆ?

ಆದರೆ ಕ್ಯಾಲೆಂಡರ್ ಒಂದು ಸಲ ತೆಗೆದು ನೋಡಿ. ಹೋಬಳಿ ಮಟ್ಟ ಜುಲೈ, ಆಗಸ್ಟು. ತಾಲ್ಲೂಕು ಅದರ ಹಿಂದೆಯೇ. ದಸರಾ ಆಸುಪಾಸಿಗೆ ಜಿಲ್ಲೆ. ಪರೀಕ್ಷೆ ಮಾರ್ಚ್‌ನಲ್ಲಿ. ಬಹುಪಾಲು ಟೀಮುಗಳು ತಾಲ್ಲೂಕಿನಲ್ಲೇ ಸೋತು ಸೆಪ್ಟೆಂಬರ್ ಹೊತ್ತಿಗೆ ವಾಪಸ್ ಕ್ಲಾಸಿಗೆ ಬಂದು ಕೂತಿರ್ತವೆ. ಹೋದದ್ದು ಬೆಳಗಿನ ಒಂದು ಗಂಟೆ, ಕೆಲವು ದಿನದ ಹಾಜರಿ, ಅಷ್ಟೇ. ಇನ್ನು 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಮೊದಲು ಬಂದದ್ದು ಉಡುಪಿ, 2025ರಲ್ಲಿ ದಕ್ಷಿಣ ಕನ್ನಡ. ಊರೂರಿಗೆ ವಾಲಿಬಾಲ್, ಕಬಡ್ಡಿ ಪಂದ್ಯಾಟ ಇಟ್ಟುಕೊಂಡ ಸೀಮೆ ಅದು. ಆಡಿದ್ದಕ್ಕೇ ಪಾಸಾದರು ಅನ್ನೋಷ್ಟು ದಡ್ಡಿ ನಾನಲ್ಲ. ಆದರೆ ಆಡಿದರೆ ಫೇಲಾಗ್ತಾರೆ ಅನ್ನೋರು ಸ್ವಲ್ಪ ಘಟ್ಟದ ಕೆಳಗೆ ನೋಡಲಿ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಕೊಕ್ಕೊ ವಿಶ್ವಕಪ್ ನಡೀತು. ನಮ್ಮ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನ 78–40ರಲ್ಲಿ ಸೋಲಿಸಿದರು, ಗಂಡುಮಕ್ಕಳ ಟೀಮೂ ಗೆದ್ದಿತು. ಆ ಹೆಣ್ಣುಮಕ್ಕಳ ಟೀಮಿನಲ್ಲಿದ್ದ ಬಿ. ಚೈತ್ರಾ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ನಾನು ಅಡುಗೆ ಮನೆಯಿಂದ ಮೊಬೈಲಿನಲ್ಲಿ ನೋಡ್ತಿದ್ದೆ. ಮಣ್ಣಿಲ್ಲ, ಮ್ಯಾಟು. ತುಂಬಾ ಹೊತ್ತು ಔಟಾಗದೆ ಉಳಿದರೆ ಓಡೋರಿಗೂ ಪಾಯಿಂಟು ಕೊಡೋ 'ಡ್ರೀಮ್ ರನ್' ಅಂತ ಏನೇನೋ ಹೊಸ ಲೆಕ್ಕ. ಆದರೆ ಕಂಬದ ಹತ್ತಿರ ಆ ಡೈವ್ ಇತ್ತಲ್ಲ, ಅದು ಮಾತ್ರ ನಮ್ಮದೇ. ಕ್ಯಾಪ್ಟನ್‌ಗೆ ಫೋನ್ ಮಾಡಿದರೆ ಅವಳೂ ನೋಡ್ತಿದ್ದಳು. "ನೋಡೇ, ಅಂಪೈರ್ ಕೊಟ್ಟ" ಅಂದಳು.

ಗೆದ್ದು ಬಂದ ಚೈತ್ರಾ, ಗಂಡುಮಕ್ಕಳ ಟೀಮಿನಲ್ಲಿದ್ದ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇಬ್ಬರಿಗೂ ನಮ್ಮ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದು ತಲಾ 2.25 ಕೋಟಿ. ಇಬ್ಬರೂ ಆ 5 ಲಕ್ಷ ಬೇಡ ಅಂದರು. ಸರಿಯಾಗೇ ಮಾಡಿದರು ಅಂತ ನನ್ನ ಅಭಿಪ್ರಾಯ. ಶಾಲೆಯಲ್ಲಿ 'ಆಟ ಆಡಿ ಏನು ಸಿಗುತ್ತೆ' ಅಂತ ಕೇಳೋ ಪ್ರಶ್ನೆಗೂ ಈ 5 ಲಕ್ಷದ ಲೆಕ್ಕಕ್ಕೂ ಸಂಬಂಧ ಇಲ್ಲ ಅಂತ ಮಾತ್ರ ಹೇಳಬೇಡಿ.

ಈಗ ನಮ್ಮ ಬ್ಯಾಚಿನವರಿಗೆ. ಡಿಸೆಂಬರಿನಲ್ಲಿ ಗುರುವಂದನೆ ಮಾಡೋಣ ಅಂತ ದುಡ್ಡು ಎತ್ತುತ್ತಿದೀವಿ. ಬಜೆಟ್ಟಿನಲ್ಲಿ ಶಾಲು, ಹಾರ, ಮೈಸೂರು ಪೇಟ, ನೆನಪಿನ ಕಾಣಿಕೆ, ಬ್ಯಾನರ್, ಎಲ್ಲ ಇದೆ. ಬ್ಯಾನರಿಗೆ ಹಾಕೋಕೆ ಅಂತ ಹಳೇ ಕ್ಲಾಸ್ ಫೋಟೋ ಕೇಳಿದರು. ಅದರಲ್ಲಿ ಪಿ.ಟಿ. ಸರ್ ಇಲ್ಲ ರೀ. ಆವತ್ತು ಎಲ್ಲರನ್ನೂ ಎತ್ತರದ ಪ್ರಕಾರ ಬೆಂಚಿನ ಮೇಲೆ ನಿಲ್ಲಿಸಿ, ಸಾಲು ಸರಿ ಮಾಡಿ, ಫೋಟೋದವರ ಪಕ್ಕ ನಿಂತು "ಕಣ್ಣು ಬಿಡ್ರೋ" ಅಂತ ಕೂಗ್ತಿದ್ದರು. ಅವರಿರೋದು ಟೀಮ್ ಫೋಟೋದಲ್ಲಿ, ತಾಲ್ಲೂಕಿನ ಶೀಲ್ಡ್ ಪಕ್ಕ. ಆ ಫೋಟೋ ನನ್ನ ಹತ್ತಿರ ಇದೆ, ಬ್ಯಾನರಿಗೆ ಅದೂ ಬರಲಿ. ಕ್ಲಾಸ್ ಫೋಟೋ ಎಡಕ್ಕೆ ಹಾಕ್ತೀರೋ ಬಲಕ್ಕೋ, ನಿಮ್ಮಿಷ್ಟ.

ಇನ್ನೊಂದು. ನೆನಪಿನ ಕಾಣಿಕೆಯ ಬಾಬ್ತನ್ನ ಅರ್ಧ ಮಾಡಿ ಶಾಲೆಗೆ ಎರಡು ಹೊಸ ಕಂಬ, ಸುಣ್ಣ, ಹುಡುಗಿಯರಿಗೆ ಅವರವರ ಅಳತೆಯ ಡ್ರೆಸ್ಸು ಕೊಡೋಣ. ಕೊಡುವಾಗ ಹೆಡ್‌ಮಾಸ್ಟರ್ ಹತ್ತಿರ ಒಂದೇ ಒಂದು ಮಾತು ತಗೊಳ್ಳೋಣ, ಹತ್ತನೆಯವರನ್ನೂ ಟೀಮಿಗೆ ಹಾಕಿಕೊಳ್ಳಬೇಕು ಅಂತ. ಗುರುವಂದನೆಯ ಬೆಳಿಗ್ಗೆ ನಾವು ಹಳಬರು ಈಗಿನ ಹುಡುಗಿಯರ ಎದುರು ಒಂದು ಇನ್ನಿಂಗ್ಸ್ ಆಡೋಣ ಅಂತ ಕ್ಯಾಪ್ಟನ್ ಹಟ ಹಿಡಿದಿದ್ದಾಳೆ, ಮಂಡಿ ನೋವಿನವರು ಅಂಪೈರ್ ಆಗಬಹುದು. ಕಂಬದ ರೇಟು ನಾನು ಕೇಳಿ ಹೇಳ್ತೀನಿ. ಪೇಟ ಬೇಕೇ ಬೇಕು ಅನ್ನೋರು ಇಲ್ಲೇ ಜಗಳ ಆಡಿ, ಗ್ರೂಪಿನಲ್ಲಿ ಬೇಡ. ಹೋದ ವಾರ ಯಾರೋ ಸರ್‌ನೂ ಅದಕ್ಕೆ ಸೇರಿಸಿದ್ದಾರೆ.