ಬರೀ ನೈಂಟಿ ಕಣ್ಲಾ

ಹೋದ ತಿಂಗಳು ಮಳವಳ್ಳಿ ಕಡೆ ಒಂದು ಬೀಗರ ಊಟ. ಮುದ್ದೆ, ಮಟನ್ ಸಾರು ಮುಗಿಸಿ ಹೊರಡೋಷ್ಟರಲ್ಲಿ ಕತ್ತಲಾಗಿತ್ತು. ಸ್ಟೇರಿಂಗ್ ಮುಂದೆ ಕೂತ ಭಾವ ಕೀ ತೂರಿಸ್ತಿದ್ದಾರೆ, ತೂರಿಸ್ತಾನೇ ಇದ್ದಾರೆ. ಒಂದ್ಸಲ ತೂತಿನ ಎಡಕ್ಕೆ, ಒಂದ್ಸಲ ಬಲಕ್ಕೆ.

"ಬಿಡಿ ಭಾವ, ನಾನು ಓಡಿಸ್ತೀನಿ."

"ಬರೀ ನೈಂಟಿ ಕಣ್ಲಾ. ಏರೇ ಇಲ್ಲ."

ಅಕ್ಕ ಹಿಂದಿನ ಸೀಟಲ್ಲಿ ಮಗೂನ ತೊಡೆ ಮೇಲೆ ಮಲಗಿಸ್ಕೊಂಡು ಸುಮ್ಮನೆ ಕೂತಿದ್ದಳು.

ಈ 'ಏರಿಲ್ಲ' ಅನ್ನೋ ಮಾತಿನ ಮೇಲೇ ನನ್ನ ತಕರಾರು. ಕಾಲು ತೂರಾಡೋದು ಆಮೇಲೆ. ಅದಕ್ಕೂ ಮುಂಚೆ ಎಣ್ಣೆ ಕೈ ಹಾಕೋದು 'ನಾನು ನೆಟ್ಟಗಿದ್ದೀನಾ' ಅಂತ ನೋಡ್ಕೊಳ್ಳೋ ಬುದ್ಧಿಗೆ. ತಕ್ಕಡಿಯೇ ಕೆಟ್ಟಿದ್ದಾಗ ಅದು ತೋರಿಸೋ ತೂಕ ಯಾರು ನಂಬ್ತಾರೆ?

ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೋಹಾಲ್. ಎಪ್ಪತ್ತು ಕೆಜಿ ಆಳು ಬರಿ ಹೊಟ್ಟೇಲಿ 90 ಮಿ.ಲೀ. ವಿಸ್ಕಿ ಹಾಕಿದರೆ ಅದು ಹೆಚ್ಚುಕಮ್ಮಿ ಎರಡು ಪಟ್ಟು ಆಗುತ್ತೆ. ಲಿವರ್ ಆ ಲೆಕ್ಕಾನ ಗಂಟೆಗೆ ಸುಮಾರು 15 ಮಿ.ಗ್ರಾಂ. ಇಳಿಸುತ್ತೆ, ಅಷ್ಟೇ. ಮಜ್ಜಿಗೆ, ನಿಂಬೆಹಣ್ಣು, ಸ್ಟ್ರಾಂಗ್ ಕಾಫಿ ಯಾವುದಕ್ಕೂ ಅದು ಅವಸರ ಮಾಡಲ್ಲ. ರಾತ್ರಿ ಹನ್ನೊಂದಕ್ಕೆ ಎರಡು ಕ್ವಾಟರ್ ಮುಗಿಸಿ ಮಲಗಿದವನು ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ, ವಿಭೂತಿ ಇಟ್ಟು ಗಾಡಿ ತೆಗೆದರೂ ರಕ್ತದ ಲೆಕ್ಕದಲ್ಲಿ ಇನ್ನೂ ಕುಡಿದವನೇ.

ನಮ್ಮೋರಿಗೆ ಭಯ ಇರೋದು ಊದಿಸೋ ಪೊಲೀಸರದ್ದು, ಹತ್ತು ಸಾವಿರ ದಂಡದ್ದು. ಅದಕ್ಕೇ "ಒಳದಾರೀಲಿ ಹೋಗೋಣ" ಅಂತಾರೆ. ಒಳದಾರೀಲಿ ಇರೋದು ಹಿಂದೆ ಒಂದು ಕೆಂಪು ಲೈಟೂ ಇಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರ್! ಅರವತ್ತರ ಸ್ಪೀಡಲ್ಲಿ ಕಾರು ಸೆಕೆಂಡಿಗೆ ಹದಿನಾರು ಮೀಟರ್ ದಾಟುತ್ತೆ. ಬ್ರೇಕಿಗೆ ಕಾಲು ಹೋಗೋದು ಅರ್ಧ ಸೆಕೆಂಡ್ ತಡ ಆದ್ರೂ ಎಂಟು ಮೀಟರ್ ಹೋಯ್ತು.

ಅಂತೂ ಕೀ ಕಿತ್ಕೊಂಡೆ. ದೊಡ್ಡ ಸಾಧನೆ ಮಾಡಿದೋನ ಥರ ಮದ್ದೂರಿನ ದಾರಿ ಹಿಡಿದೆ. ಮೂರು ದಿನದಿಂದ ನೆಗಡಿ. ಊಟ ಆದ್ಮೇಲೆ ಒಂದು ಸೆಟ್ರಿಜಿನ್ ಮಾತ್ರೆ ನುಂಗಿದ್ದೆ. ಅರ್ಧ ಗಂಟೆ ಆಗಿರಬೇಕು, ಎಡಗಡೆ ಚಕ್ರ ಜಲ್ಲಿ ಮೇಲೆ ಹತ್ತಿ ಕರಕರ ಅಂತು. "ಲೋ, ನಿದ್ದೆ ಮಾಡ್ತಿದ್ದೀಯೇನ್ಲಾ!" ಅಂತ ಅಕ್ಕ ಚೀರಿದಳು. ನಿಲ್ಲಿಸಿದಾಗ ಹೆಡ್‌ಲೈಟಲ್ಲಿ ಕಂಡಿದ್ದು, ಕಾರಿಗೆ ಎರಡು ಮಾರು ಮುಂದೆ, ಮೋರಿ ಕಟ್ಟೆ.

ಆಗ ಯಾರಾದರೂ ಊದಿಸಿದ್ದರೆ ನನ್ನದು ಸೊನ್ನೆ ಬರ್ತಿತ್ತು. ಕುಡಿದು ಗಾಡಿ ಓಡಿಸೋರಿಗೆ ದಂಡ ಹಾಕೋ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನಲ್ಲಿ ಡ್ರಗ್ಸ್ ಅಮಲೂ ಸೇರಿದೆ. ಆದರೆ ಊದೋ ಮಿಷನ್‌ಗೆ ಗೊತ್ತಾಗೋದು ಆಲ್ಕೋಹಾಲ್ ಒಂದೇ. ಗಾಂಜಾ ಹೊಡೆದವನೂ, ನಿದ್ದೆ ಮಾತ್ರೆ ನುಂಗಿದವನೂ, ನನ್ನಂಥ ನೆಗಡಿ ಮಾತ್ರೆಯವನೂ ಅದರ ಮುಂದೆ ಸಾಚಾ.

ಅಕ್ಕ ಇಳಿದು ಬಂದು ಮಗೂನ ನನ್ನ ಕೈಗೆ ಕೊಟ್ಟು ಸ್ಟೇರಿಂಗ್ ಹಿಡಿದಳು. ಅವಳಿಗೆ ಲೈಸೆನ್ಸ್ ಬಂದು ಆರು ವರ್ಷ ಆಗಿದೆ. ನಾವಿಬ್ಬರೂ ಕೀಗೆ ಕಿತ್ತಾಡುವಾಗ ಅದು ಇಬ್ಬರಿಗೂ ಹೊಳೆದಿರಲಿಲ್ಲ. ಭಾವ ಮುಂದಿನ ಸೀಟಲ್ಲಿ ಗೊರಕೆ ಹೊಡೀತಿದ್ದರು.