ಎರಡೇ ದಮ್ಮು, ಅಡ್ಜಸ್ಟ್ ಮಾಡ್ಕೊಳ್ಳಿ

ರೈಲಿನಲ್ಲಿ ಸಿಗರೇಟು ಸೇದುವವರಿಗೆ ಪ್ರತ್ಯೇಕ ಜಾಗ ಬೇಕಂತೆ. ಆಗಾಗ ತಲೆ ಎತ್ತುವ ಬೇಡಿಕೆ ಇದು. ನನಗೆ ಅರ್ಥವಾಗದ್ದು ಒಂದೇ: ಇರುವ ಜಾಗವನ್ನೇ ಯಾಕೆ ಮತ್ತೆ ಕೇಳುತ್ತಾರೆ? ಪ್ರತಿ ಬೋಗಿಯ ತುದಿಯಲ್ಲೂ ಧೂಮಪಾನ ಕೊಠಡಿ ಇದೆಯಲ್ಲ. ಒಳಗಿನಿಂದ ಚಿಲಕ ಇದೆ. ಗಾಳಿಗೆ ಕಿಟಕಿ ಇದೆ. ಅದೃಷ್ಟ ಇದ್ದರೆ ನೀರೂ ಬರುತ್ತದೆ. ಕೆಲವರು ಮಾತ್ರ ಅರ್ಜೆಂಟು ಅಂತ ಮಧ್ಯೆ ಬಂದು ಬಾಗಿಲು ಬಡಿಯುತ್ತಾರೆ. ಅದೊಂದೇ ಕಿರಿಕಿರಿ.

ಬೆಳಗಿನ ಹೊತ್ತು ಸ್ಲೀಪರ್ ಬೋಗಿಯಲ್ಲಿ ಆ ಬಾಗಿಲ ಮುಂದೆ ಕ್ಯೂ ನಿಂತವರನ್ನು ಕೇಳಿ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ತಾಯಿ ಕಾಲು ಬದಲಿಸುತ್ತಾ ನಿಂತಿರುತ್ತಾಳೆ. ಕೊನೆಗೂ ಚಿಲಕ ಸರಿಯುತ್ತದೆ. ಮೊದಲು ಹೊಗೆ ಇಳಿದು ಬರುತ್ತದೆ, ಆಮೇಲೆ ಮನುಷ್ಯ. ಯಾರ ಮುಖವನ್ನೂ ನೋಡದೆ ವಾಷ್‌ಬೇಸಿನ್‌ನಲ್ಲಿ ಬಾಯಿ ಮುಕ್ಕಳಿಸಿ, ಹೆಂಡತಿಯ ಪಕ್ಕ ಹೋಗಿ ಏನೂ ಗೊತ್ತಿಲ್ಲದವನಂತೆ ಕೂರುತ್ತಾನೆ. ಒಳಗೆ ಹೋದರೆ ಸರಪಳಿ ಕಟ್ಟಿದ ಮಗ್ಗಿನ ತಳದಲ್ಲಿ ನೆನೆದ ತುಂಡು. ಗೋಡೆಯ ಮೇಲೆ ‘ಧೂಮಪಾನ ನಿಷೇಧಿಸಿದೆ’ ಅನ್ನುವ ಸ್ಟಿಕ್ಕರ್. ಅದರಲ್ಲಿ ಸಿಗರೇಟಿನ ಚಿತ್ರ ಇರುವ ಕಡೆಯೇ ಯಾರೋ ನಿಜವಾದ ಸಿಗರೇಟು ಒತ್ತಿ ಆರಿಸಿದ್ದಾರೆ. ಗುರಿ ತಪ್ಪಿಲ್ಲ, ಮೆಚ್ಚಬೇಕು.

ನಮ್ಮ ಕಾನೂನು ಬಹಳ ಮರ್ಯಾದಸ್ಥ ಕಾನೂನು. 1989ರ ರೈಲ್ವೆ ಕಾಯ್ದೆಯ 167ನೇ ಕಲಂ ಶುರುವಾಗುವುದೇ ಹೀಗೆ: ಕಂಪಾರ್ಟ್‌ಮೆಂಟಿನಲ್ಲಿರುವ ಬೇರೆ ಪ್ರಯಾಣಿಕರು ಬೇಡ ಅಂದರೆ ಸೇದಬಾರದು. ಬೇಡ ಅಂದರೆ! ಅಂದರೆ ಕೆಮ್ಮುವವನು ಎದ್ದು ನಿಂತು ತನ್ನ ಆಕ್ಷೇಪಣೆ ಸಲ್ಲಿಸಬೇಕು. ಇದೇ ಔದಾರ್ಯ ಬೇರೆ ಕಲಂಗಳಿಗೂ ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಪಕ್ಕದವರು ಬೇಡ ಅಂದರೆ ಜೇಬು ಕತ್ತರಿಸಬಾರದು. ಮಾಲೀಕರು ಎದ್ದಿದ್ದು ಬೇಡ ಅಂದರೆ ಸೂಟ್‌ಕೇಸ್ ಒಯ್ಯಬಾರದು.

ಸರಿ, ಆಕ್ಷೇಪಣೆ ಸಲ್ಲಿಸಿ ನೋಡಿ. ರಾತ್ರಿ ಹನ್ನೊಂದು ಗಂಟೆ. ಬಾಗಿಲ ಹತ್ತಿರ ನಾಲ್ಕು ಜನ ಹುಡುಗರು. ನೀವು ಒಬ್ಬರೇ, ಅದೂ ಲುಂಗಿಯಲ್ಲಿ.

“ಏನಪ್ಪಾ, ಇಲ್ಲಿ ಸೇದಬಾರದು ಅಲ್ವಾ?”

“ಅಂಕಲ್, ಎರಡೇ ದಮ್ಮು. ಅಡ್ಜಸ್ಟ್ ಮಾಡ್ಕೊಳ್ಳಿ.”

ಅಲ್ಲಿಗೆ ವಿಚಾರಣೆ ಮುಗಿಯಿತು. ನೀವು ಹೋಗಿ ಮುಸುಕು ಹಾಕಿಕೊಂಡು ಮಲಗುತ್ತೀರಿ.

ಹಾಗಂತ ಕಾನೂನಿನಲ್ಲಿ ಹಲ್ಲೇ ಇಲ್ಲ ಅನ್ನಬೇಡಿ. ಅದೇ ಕಲಂನಲ್ಲಿ ಯಾರ ಆಕ್ಷೇಪಣೆಗೂ ಕಾಯದೆ ಇಡೀ ರೈಲಿನಲ್ಲಿ ನಿಷೇಧಿಸುವ ಅಧಿಕಾರ ರೈಲ್ವೆಗೆ ಇದೆ. ದಂಡವೂ ಇದೆ, ಹೆಚ್ಚೆಂದರೆ 100 ರೂಪಾಯಿ. ಆಮೇಲೆ 2003ರ ತಂಬಾಕು ಕಾಯ್ದೆ ಬಂತು. ರೈಲು, ಬಸ್ಸು, ನಿಲ್ದಾಣದ ವೇಟಿಂಗ್ ರೂಮು ಎಲ್ಲವೂ ಅದರ ಪ್ರಕಾರ ಸಾರ್ವಜನಿಕ ಸ್ಥಳ. ಅಲ್ಲಿ 200 ರೂಪಾಯಿವರೆಗೆ ದಂಡ. 2008ರ ಅಕ್ಟೋಬರ್ 2ರಿಂದ, ಅಂದರೆ ಗಾಂಧಿ ಜಯಂತಿಯಿಂದಲೇ, ಬಿಗಿ ನಿಯಮಗಳೂ ಜಾರಿಗೆ ಬಂದವು. ಗಾಂಧೀಜಿ ಹೆಸರಿನಲ್ಲಿ ಶುರುವಾದದ್ದು ಯಾವುದು ಕೆಟ್ಟಿದೆ ಹೇಳಿ?

ಈ 2003ರ ಕಾಯ್ದೆಯಲ್ಲಿ ಒಂದು ಮಜಾ ಇದೆ. ಮೂವತ್ತು ಕೋಣೆಗಳಿರುವ ಹೋಟೆಲು, ಮೂವತ್ತು ಸೀಟಿಗೆ ಕಮ್ಮಿಯಿಲ್ಲದ ರೆಸ್ಟೋರೆಂಟು, ಮತ್ತು ವಿಮಾನ ನಿಲ್ದಾಣ. ಇಲ್ಲಿ ಸೇದಲು ಪ್ರತ್ಯೇಕ ಜಾಗ ಮಾಡಬಹುದು. ಎರಡು ಗಂಟೆ ಹಾರಿ ಇಳಿಯುವವನಿಗೆ ಹತ್ತುವ ಮೊದಲು ಒಂದು ಕೋಣೆ. ದಿಬ್ರುಗಢದಿಂದ ಕನ್ಯಾಕುಮಾರಿಗೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ದಿನಗಟ್ಟಲೆ ಕೂತು ಬರುವವನಿಗೆ ಮಗ್ಗು ಮತ್ತು ಸರಪಳಿ. ಪ್ಲಾಟ್‌ಫಾರಂ ಮೇಲೆ ಇಳಿದು ಸೇದೋಣ ಅಂದರೆ ಅಲ್ಲೂ ನಿಷೇಧ. ಸೇದುವವರ ಪರವಾಗಿ ಯಾರಾದರೂ ಇದನ್ನು ಎತ್ತಿದರೆ ಅವರ ಮಾತಿನಲ್ಲಿ ಹುರುಳಿದೆ ಅಂತಲೇ ಹೇಳಬೇಕು. ಶ್ವಾಸಕೋಶವೂ ಅಂತಸ್ತು ನೋಡಿ ಹಾಳಾಗಬೇಕು ಅಂದರೆ ಅನ್ಯಾಯವೇ.

ಹಾಗಾದರೆ ಕೊಟ್ಟೇ ಬಿಡೋಣ. ರೈಲಿಗೊಂದು ಹೊಗೆ ಬೋಗಿ. ಬುಕಿಂಗ್ ಹೇಗೂ ಎರಡು ತಿಂಗಳು ಮೊದಲೇ ಮಾಡಬೇಕು. ಆ ದಿನ ಆ ಹೊತ್ತಿಗೆ ಸೇದಬೇಕು ಅನ್ನಿಸುತ್ತದೆ ಅಂತ ಆಗಲೇ ಗೊತ್ತಿರಬೇಕು. ದಿಢೀರನೆ ಚಟ ಎದ್ದವರಿಗೆ ತತ್ಕಾಲ್, ಹಣ ಜಾಸ್ತಿ. ಅರ್ಧ ಸೀಟಿನ ಆರ್‌ಎಸಿ ಸಿಕ್ಕಿದರೆ ಒಂದು ಸಿಗರೇಟಿಗೆ ಇಬ್ಬರು. ವೇಟಿಂಗ್ ಲಿಸ್ಟಿನವರು ಪಕ್ಕದಲ್ಲಿ ನಿಂತು ಮೂಸಿಕೊಳ್ಳಬಹುದು. ಹಿರಿಯ ನಾಗರಿಕರಿಗೆ ರಿಯಾಯಿತಿ ಮೊದಲೇ ಕಿತ್ತುಕೊಂಡಾಗಿದೆ, ಅವರು ಪೂರ್ತಿ ದುಡ್ಡು ಕೊಟ್ಟೇ ಕೆಮ್ಮಲಿ.

ಜಪಾನಿನವರು ಇದನ್ನು ಮಾಡಿ ನೋಡಿದ್ದಾರೆ. ಬುಲೆಟ್ ರೈಲಿನಲ್ಲಿ ಗಾಜಿನ ಬಾಗಿಲು, ಹೊಗೆ ಹೀರುವ ಯಂತ್ರ, ಎಲ್ಲ ಇಟ್ಟು ಪುಟ್ಟ ಕೋಣೆ ಕಟ್ಟಿದ್ದರು. ಟೋಕಿಯೋದಿಂದ ಒಸಾಕಾ ಕಡೆ ಹೋಗುವ ಮಾರ್ಗದಲ್ಲಿ 2024ರ ಮಾರ್ಚ್‌ನಲ್ಲಿ ಅದನ್ನೂ ಮುಚ್ಚಿದರು. ಆ ಜಾಗದಲ್ಲಿ ಈಗ ತುರ್ತು ಹೊತ್ತಿಗೆ ಅಂತ ಕುಡಿಯುವ ನೀರು ಇಡುತ್ತಾರಂತೆ. ಅವರು ಬಿಟ್ಟದ್ದನ್ನು ನಾವು ಶುರು ಮಾಡೋಣ ಅನ್ನುತ್ತಿದ್ದೇವೆ, ಅದೂ ಬುಲೆಟ್ ರೈಲು ಬರುವುದಕ್ಕೆ ಮೊದಲೇ.

ನಮ್ಮಲ್ಲೂ ಯಂತ್ರಗಳಿಗೆ ಕೊರತೆಯಿಲ್ಲ. 2023ರ ಆಗಸ್ಟ್‌ನ ವಂದೇ ಭಾರತ್ ಕಥೆ ಮರೆತಿಲ್ಲ ತಾನೆ? ತಿರುಪತಿಯಿಂದ ಸಿಕಂದರಾಬಾದಿಗೆ ಹೊರಟ ರೈಲು. ಟಿಕೆಟ್ ಇಲ್ಲದ ಪುಣ್ಯಾತ್ಮ ಟಾಯ್ಲೆಟ್ಟಿನಲ್ಲಿ ಚಿಲಕ ಹಾಕಿಕೊಂಡು ಕಡ್ಡಿ ಗೀರಿದ. ಅಲಾರಂ ಕೂಗಿತು, ಬೆಂಕಿ ಆರಿಸುವ ಪುಡಿ ತಾನಾಗಿ ಸುರಿಯಿತು, ಜನ ಕಂಗಾಲಾದರು, ರೈಲು ಮನುಬೋಲು ಹತ್ತಿರ ನಿಂತಿತು. ಕಿಟಕಿ ಒಡೆದು ನೋಡಿದರೆ ಒಳಗೆ ಬೆಂಕಿಯಿಲ್ಲ, ಇವನು. ಇಡೀ ರೈಲನ್ನು ಒಂದು ಸಿಗರೇಟಿನಿಂದ ನಿಲ್ಲಿಸಿದವನು. ಚೈನ್ ಎಳೆಯುವವರೆಲ್ಲ ಅವನ ಮುಂದೆ ಏನೂ ಅಲ್ಲ.

ನಾವೆಲ್ಲ ನಕ್ಕೆವು. ಆದರೆ ಹೊಗೆ ಹಿಡಿಯುವ ಆ ಯಂತ್ರ ಇರುವುದು ಹೆಚ್ಚಾಗಿ ಎಸಿ ಬೋಗಿಗಳಲ್ಲಿ. ಸ್ಲೀಪರಿನಲ್ಲಿ, ಜನರಲ್ಲಿನಲ್ಲಿ ಅಲಾರಂ ಅಂದರೆ ಯಾರದೋ ಮಗು ಕೆಮ್ಮುವುದೇ. ಅದಕ್ಕೆ ರೈಲು ನಿಲ್ಲುವುದಿಲ್ಲ.

ಇನ್ನು ತಮಾಷೆ ಸಾಕು. ಜನರಲ್ ಬೋಗಿಯಲ್ಲಿ ಟಾಯ್ಲೆಟ್ಟಿನ ಬಾಗಿಲಿಗೆ ಬೆನ್ನು ಕೊಟ್ಟು, ಪೇಪರ್ ಹಾಸಿಕೊಂಡು ರಾತ್ರಿಯಿಡೀ ಕೂರುವವರನ್ನು ಎಲ್ಲರೂ ನೋಡಿದ್ದೇವೆ. ಕೆಲವೊಮ್ಮೆ ಒಳಗೇ ನಿಂತು ಬರುತ್ತಾರೆ, ಬ್ಯಾಗು ತಲೆ ಮೇಲೆ ಇಟ್ಟುಕೊಂಡು. ಅವರೂ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡವರೇ. ಮನುಷ್ಯರಿಗೆ ಕುಂಡಿ ಊರಲು ಜಾಗ ಇಲ್ಲದ ರೈಲಿನಲ್ಲಿ ಹೊಗೆಗೆ ಕೋಣೆ ಕೇಳಲು ನಾಚಿಕೆ ಆಗಬೇಕು. ಕಟ್ಟಿದರೂ ಅದರಲ್ಲಿ ಯಾರು ಸೇದುತ್ತಾರೆ? ಮೊದಲ ನಿಲ್ದಾಣದಲ್ಲೇ ಮೂವತ್ತು ಜನ ಮೂಟೆ ಸಮೇತ ಹತ್ತಿ ಕೂತಿರುತ್ತಾರೆ. ಸೇದುವವರು ಮತ್ತೆ ಟಾಯ್ಲೆಟ್ಟಿಗೇ.

ಇನ್ನೊಂದು ಬೋಗಿ ಜೋಡಿಸುವ ಶಕ್ತಿ ರೈಲ್ವೆಗೆ ಇದ್ದರೆ ಜನರಲ್ ಬೋಗಿಯನ್ನೇ ಜೋಡಿಸಲಿ. ಸೇದುವವರು ನಿಲ್ದಾಣದ ಗೇಟಿನ ಹೊರಗೆ ಮುಗಿಸಿಕೊಂಡು ಬರಲಿ. ಗಾಡಿ ಹೇಗೂ ಲೇಟು, ನಾಲ್ಕು ಸೇದುವಷ್ಟು ಟೈಮಿರುತ್ತದೆ.