ಕ್ಲಿಪ್ ಇಲ್ಲದ ಪೆಡಲ್ಲಿಗೆ ಕ್ಲಿಪ್ ಆಗುವ ಶೂ

ಬೆಟ್ಟದ ಸೈಕಲ್ಲಿಗೆಂದು ಒಂದು ಜೊತೆ ಶೂ ಆರಿಸಲು ಕುಳಿತು ಇದು ಮೂರನೆಯ ವಾರ. ಇಷ್ಟು ಹೊತ್ತಿಗೆ ಬರಿಗಾಲಿನಲ್ಲಿಯೇ ಬೆಟ್ಟ ಹತ್ತಿ ಇಳಿದು ಕಾಲು ತೊಳೆದುಕೊಂಡಿರಬಹುದಿತ್ತು.

ಮೊದಲ ಸೋಜಿಗ ಹೆಸರಿನದು. ಶೂವಿನ ಅಡಿಗೆ ಬಿಗಿದ ಕ್ಲೀಟ್ ಎಂಬ ಪುಟ್ಟ ತುಂಡನ್ನು ಪೆಡಲ್ ಕಚ್ಚಿ ಹಿಡಿಯುವ ಈ ವ್ಯವಸ್ಥೆಯನ್ನು ಸೈಕಲ್ ಲೋಕ ಕ್ಲಿಪ್‌ಲೆಸ್ ಎಂದು ಕರೆಯುತ್ತದೆ. ಅಂದರೆ ಕ್ಲಿಪ್ ಇಲ್ಲದ್ದು. ಕ್ಲಿಪ್ ಇಲ್ಲದ್ದಕ್ಕೆ ಕ್ಲಿಪ್ ಆಗುವುದು ಹೇಗೆ ಎಂದು ಕೇಳಿದರೆ ಹಳಬರು ಕರುಣೆಯಿಂದ ನೋಡಿ ವಿವರಿಸುತ್ತಾರೆ: ಹಿಂದೆ ಕಾಲ್ಬೆರಳ ಮುಂದೆ ಲೋಹದ ಪಂಜರ, ಮೇಲೊಂದು ಚರ್ಮದ ಪಟ್ಟಿ ಇರುತ್ತಿತ್ತು, ಕ್ಲಿಪ್ ಎಂದರೆ ಅದು, ಅದು ಹೋಯಿತು, ಆದ್ದರಿಂದ ಈಗಿನದು ಕ್ಲಿಪ್‌ಲೆಸ್. ಹಗ್ಗ ಬಿಚ್ಚಿ ಬೇಡಿ ತೊಡಿಸಿ, ಕೈದಿಯನ್ನು ಹಗ್ಗಮುಕ್ತ ಎಂದು ಅಭಿನಂದಿಸಿದ ಹಾಗೆ.

ಹೆಸರಿಡುವ ಕೆಲಸವನ್ನು ಬಿದ್ದವರಿಗೇ ಬಿಡಬೇಕಿತ್ತು. ಇಟಲಿಯ ಚಿನೆಲ್ಲಿ ಕಂಪನಿಯ ಎಂ71 ಎಂಬ ಹಳೆಯ ಪೆಡಲ್ ಒಂದಿತ್ತು. ಅದರಿಂದ ಕಾಲು ಬಿಡಿಸಿಕೊಳ್ಳಲು ಸವಾರ ಕೆಳಗೆ ಬಗ್ಗಿ, ಕೈಯಿಂದ ಒಂದು ಸನ್ನೆಕೋಲನ್ನು ಸರಿಸಬೇಕಿತ್ತು. ಬೀಳುತ್ತಿರುವ ಮನುಷ್ಯ ಅಷ್ಟು ಸಾವಧಾನವಾಗಿ ಬಗ್ಗುವುದುಂಟೆ? ಜನ ಅದನ್ನು ಸಾವಿನ ಕ್ಲೀಟು ಎಂದು ಕರೆದರು. ಕ್ಲಿಪ್‌ಲೆಸ್‌ಗಿಂತ ಎಷ್ಟೋ ಪ್ರಾಮಾಣಿಕವಾದ ಹೆಸರು. ಮುಂದೆ 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಹಿಮದ ಮೇಲೆ ಜಾರುವವರ ಬೂಟುಗಳಿಗೆ ತಾನು ಮಾಡುತ್ತಿದ್ದ ಬಂಧವನ್ನೇ ಸೈಕಲ್ಲಿಗೆ ಇಳಿಸಿತು. ಮರುವರ್ಷ ಫ್ರಾನ್ಸಿನ ಸವಾರ ಬರ್ನಾರ್ ಇನೋ ಅದನ್ನು ತುಳಿದೇ ಟೂರ್ ಡಿ ಫ್ರಾನ್ಸ್ ಗೆದ್ದರು. ಕೈ ಬೇಕಿಲ್ಲ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಸಾಕು, ಕಾಲು ಕಳಚಿಕೊಳ್ಳುತ್ತದೆ.

ಸಾಕು ಎಂದೆನಲ್ಲ, ಅದು ಪುಸ್ತಕದ ಮಾತು. ಇಲ್ಲಿ ಅಭಿಮನ್ಯುವಿನ ಹೆಸರು ತರುವುದು ಅವನಿಗೆ ಅವಮಾನ. ಅವನನ್ನು ಕೆಡವಲು ಮಹಾರಥಿಗಳೆಲ್ಲ ಸೇರಬೇಕಾಯಿತು. ನನ್ನನ್ನು ಕೆಡವಿದ್ದು ಒಂದು ಕೆಂಪು ದೀಪ. ಸೈಕಲ್ ಪೂರ್ತಿ ನಿಂತಿತ್ತು, ನಾನೂ ನಿಂತಿದ್ದೆ, ಕಾಲು ಮಾತ್ರ ಪೆಡಲ್ಲಿನಲ್ಲಿತ್ತು. ಹಿಮ್ಮಡಿ ತಿರುಗಿಸಬೇಕೆಂಬ ಜ್ಞಾನ ನನಗೆ ಉಂಟಾದದ್ದು ಭುಜ ನೆಲ ಮುಟ್ಟಿದ ಮೇಲೆ. ಓಡುವಾಗ ಬಿದ್ದವನಿಗೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತದೆ. ನಿಂತಲ್ಲೇ, ಕಡಿದ ಬಾಳೆಯ ಗಿಡದಂತೆ ನಿಧಾನವಾಗಿ ವಾಲಿ ಬಿದ್ದವನನ್ನು ಎತ್ತಲು ಬಂದವರೂ ಮೊದಲು ನಕ್ಕು ಮುಗಿಸುತ್ತಾರೆ.

ಶೂವಿಗೆ ಬರುತ್ತೇನೆ. 1990ರಲ್ಲಿ ಜಪಾನಿನ ಶಿಮಾನೊ ಕಂಪನಿ ಬೆಟ್ಟದ ಸವಾರರಿಗಾಗಿ ಎಸ್‌ಪಿಡಿ ಪೆಡಲ್ ತಂದಾಗ ಅದರ ಜಾಣತನ ಇದ್ದದ್ದು ಕ್ಲೀಟಿನಲ್ಲಿ. ಎರಡೇ ಬೋಲ್ಟಿನ ಪುಟ್ಟ ಉಕ್ಕಿನ ತುಂಡು, ಅಟ್ಟೆಯ ಗುಳಿಯೊಳಗೆ ಹುದುಗಿ ಕೂರುತ್ತದೆ, ಇಳಿದರೆ ನಡೆಯಬಹುದು. ಬೆಟ್ಟ ಎಂದ ಮೇಲೆ ಇಳಿದು ನೂಕುವುದು ಇದ್ದೇ ಇದೆಯಲ್ಲ. ಈಗಿನ ಮೇಧಾವಿಗಳು ಆ ನಡೆಯುವ ಶೂವಿಗೆ ಕಾರ್ಬನ್ ಅಟ್ಟೆ ಹಾಕಿದ್ದಾರೆ. ಅದ್ಭುತ! ಬಾಗುವುದಿಲ್ಲ, ಬಳುಕುವುದಿಲ್ಲ, ಒದ್ದೆ ಬಂಡೆಯ ಮೇಲೆ ಗಾಜಿನ ಹಾಗೆ ಜಾರುತ್ತದೆ. ಭರತ ಅಣ್ಣನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟದ್ದು ಭಕ್ತಿಯಿಂದ. ಇವನ್ನು ಅಲ್ಲಿಡಬೇಕಾದದ್ದು ನೆಲಕ್ಕೆ ಇಳಿಸಲಾಗದು ಎಂಬ ಕಾರಣಕ್ಕೆ.

ಅಟ್ಟೆ ಎಷ್ಟು ಗಡುಸು ಎಂಬುದಕ್ಕೆ ಅಂಕಿಯೂ ಉಂಟು. ಒಂದು ಕಂಪನಿಯ ಮಾಪನ 12ರವರೆಗೆ ಹೋಗುತ್ತದೆ, ಇನ್ನೊಂದರದ್ದು 14ರವರೆಗೆ, ಮತ್ತೊಂದು ಅಂಕಿಯ ಗೋಜಿಗೇ ಹೋಗದೆ ವಿಶೇಷಣಗಳಲ್ಲಿ ಮುಗಿಸುತ್ತದೆ. ಇವರ 7 ಅವರ 9ಕ್ಕಿಂತ ಮೆದುವೋ ಗಡುಸೋ ಹೇಳುವವರಿಲ್ಲ. ತಾನೇ ಪ್ರಶ್ನೆಪತ್ರಿಕೆ ಬರೆದು, ತಾನೇ ಉತ್ತರಿಸಿ, ತಾನೇ ಅಂಕ ಹಾಕಿಕೊಂಡ ವಿದ್ಯಾರ್ಥಿಯ ಮುಖದಲ್ಲಿ ಎಂಥ ತೃಪ್ತಿ! ಜೊತೆಗೆ ಬೆಟ್ಟದ ಸವಾರಿಯ ಬಗೆಬಗೆಗೂ ವರ್ಣಾಶ್ರಮ ಬೇರೆ: ಕ್ರಾಸ್‌ಕಂಟ್ರಿಗೆ ಒಂದು, ಟ್ರೇಲ್‌ಗೆ ಒಂದು, ಎಂಡ್ಯೂರೊಗೆ ಒಂದು, ಇಳಿಜಾರಿಗೆ ಮಗದೊಂದು. ಹತ್ತಿ, ಸುತ್ತಿ, ಇಳಿದು ಮನೆಗೆ ಬರುವವನು ದಾರಿಯಲ್ಲಿ ಮೂರು ಸಲ ಶೂ ಬದಲಿಸಬೇಕೇನೋ.

ಕಟ್ಟುವುದಕ್ಕೆ ಲೇಸು ಸಾಲದು, ತಿರುಗಣೆ ಬೇಕು. ಅದನ್ನು ನಾನು ದೂರುವುದಿಲ್ಲ, ಒಂದು ಬೆರಳಿನಿಂದ ಬಿಗಿಯುತ್ತದೆ. ಎಷ್ಟು ಚೆನ್ನಾಗಿ ಬಿಗಿಯುತ್ತದೆಂದರೆ, ಒಳಗೆ ಜಾಗವಿಲ್ಲ ಎಂಬುದು ಅರ್ಧ ದಾರಿ ಸವೆದ ಮೇಲೆ ಕಿರುಬೆರಳು ಮರಗಟ್ಟಿದಾಗಲೇ ತಿಳಿಯುವುದು.

ಇಲ್ಲಿಗೆ ನನ್ನ ತಮಾಷೆ ಮುಗಿಯಿತು. ಶೂವಿನ ತೂಕವನ್ನು ಗ್ರಾಮಿನಲ್ಲಿ ಹೇಳುತ್ತಾರೆ. ಬೋಲ್ಟನ್ನು 5ರಿಂದ 6 ನ್ಯೂಟನ್ ಮೀಟರ್ ಬಲದಲ್ಲಿ ಬಿಗಿಯಿರಿ ಎಂದು ಅಪ್ಪಣೆ ಕೊಡುತ್ತಾರೆ. ಎಷ್ಟು ಅಗಲದ ಪಾದ ಹಿಡಿಯುತ್ತದೆ ಎಂಬುದನ್ನು ಮಾತ್ರ ಬಹುಪಾಲು ಪೆಟ್ಟಿಗೆಗಳು ಹೇಳುವುದಿಲ್ಲ. 42 ಎಂದು ಬರೆದಿರುತ್ತದೆ. ಯುರೋಪಿನ ಲೆಕ್ಕದಲ್ಲಿ ಒಂದೊಂದು ಅಂಕಿಗೆ ಸೆಂಟಿಮೀಟರಿನ ಮೂರನೆಯ ಎರಡು ಭಾಗ. ಅಂದರೆ 42ಕ್ಕೆ 28 ಸೆಂಟಿಮೀಟರ್. ಅದೂ ಮನುಷ್ಯನ ಪಾದದ ಉದ್ದವಲ್ಲ, ಶೂ ಮಾಡುವ ಅಚ್ಚಿನ ಉದ್ದ. ಅಗಲ ಕಾಲಿನವರು ಬಿಗಿಯೆಂದು ಒಂದು ಅಳತೆ ಮೇಲಕ್ಕೆ ಹೋಗುತ್ತಾರೆ. ಆಗ ಹಿಮ್ಮಡಿ ಲೊಟಲೊಟ, ಕ್ಲೀಟು ಇರಬೇಕಾದ ಜಾಗದಲ್ಲಿಲ್ಲ, ಕಾಲು ತಿರುಗಿಸಿದರೆ ಶೂವಿನೊಳಗೆ ಕಾಲು ಮಾತ್ರ ತಿರುಗುತ್ತದೆ, ಪೆಡಲ್ ಬಿಡುವುದಿಲ್ಲ. ವರ್ಷಗಟ್ಟಲೆ ಇದು ನನ್ನ ಕಾಲಿನ ದೋಷವೆಂದೇ ನಂಬಿದ್ದೆ. ಎರಡು ಜೊತೆ ಶೂಗಳನ್ನು, ತಪ್ಪು ನನ್ನದೇ ಎಂಬ ಸಂಕೋಚದಲ್ಲಿ, ಬೇರೆಯವರಿಗೆ ಕೊಟ್ಟುಬಿಟ್ಟೆ. ಒಂದು ಸಾಲು ಬರೆಯಲು ಇವರಿಗೇನು ಕಷ್ಟ?

ನಿನ್ನೆ ರಾತ್ರಿ ಕಾಗದದ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಅಳೆದೆ. ಅತಿ ಅಗಲವಾದ ಜಾಗದಲ್ಲಿ 108 ಮಿಲಿಮೀಟರ್. ಎರಡು ಸಲ ಅಳೆದೆ, ಎಡಗಾಲು ಒಂದಿಷ್ಟು ಹೆಚ್ಚೇ ಇದೆ. ಬೆಳಿಗ್ಗೆ ಮತ್ತೆ ಆರಿಸಲು ಕುಳಿತಾಗ ನನ್ನನ್ನು ಕೇಳಿದ್ದು ಬಣ್ಣ ಯಾವುದು ಎಂದು.